ವಿನಯಾಳ ಸೈಕಲ್ಲಿನ ಬ್ರೇಕು

ಹೊಸನಗರ
ಆಗಸ್ಟ್ ೩೧, ೨೦೨೪

ಪ್ರೀತಿಯ ಮಗಳು ವಿನಯಾಳಿಗೆ,

ಅಮ್ಮನ ನೆನಪುಗಳು. ಮೈಸೂರಿನ ಹಾಸ್ಟೆಲ್ ಊಟ ಈಗಲಾದರೂ ಒಗ್ಗಿತೇ? ಕಾಗದ ಬರೆಯುತ್ತೇನೆ ಎಂದು ಹೇಳಿಕೊಂಡೇ ಇಡೀ ಮಳೆಗಾಲ ಕಳೆದೆ, ಬೈದುಕೊಳ್ಳಬೇಡ. ಫೋನ್ ಇರುವಾಗ ಕಾಗದವೇಕೆ ಎಂದು ನೀನು ಕೇಳುತ್ತೀಯ. ಫೋನಿನಲ್ಲಿ ನಾನು ಸೈಕಲ್ ಎಂದ ಕೂಡಲೇ ನಿನಗೆ ಕ್ಲಾಸಿಗೆ ಹೊತ್ತಾಗಿಬಿಡುತ್ತದೆ. ಕಾಗದವನ್ನು ಹಾಗೆ ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ. ಅಲ್ಲದೆ ಈ ಮನೆಯಲ್ಲಿ ಫೋನಿನಲ್ಲಿ ಆಡಿದ್ದೆಲ್ಲ ನಿಮ್ಮಜ್ಜಿಗೆ ಕೇಳುತ್ತದೆ. ಅವರ ಕಿವಿ ಮಂದ ಎನ್ನುವುದು ಕೆಲಸ ಹೇಳಿದಾಗ ಮಾತ್ರ.

ನಿಮ್ಮಪ್ಪ ಮಾಸ್ತಿಕಟ್ಟೆಯ ಡ್ಯೂಟಿಗೆ ದಿನವೂ ಹೋಗಿ ಬರುತ್ತಿದ್ದಾರೆ. ಅಜ್ಜಿ ಗಟ್ಟಿಯಾಗಿದ್ದಾರೆ. ನನಗೆ ಮಾತ್ರ ನೆಮ್ಮದಿಯಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಹೈಸ್ಕೂಲಿನ ಮೌಂಟನ್ ಬೈಕ್ ತಂಡವನ್ನು ಈ ವರ್ಷ ಮತ್ತೆ ಕಟ್ಟಿದ್ದೇನೆ. ನವೆಂಬರಿನಲ್ಲಿ ತೀರ್ಥಹಳ್ಳಿಯಲ್ಲಿ ಮೊದಲ ರೇಸು. ಶಾಲೆಯ ಆಟದ ಸಾಮಾನಿನ ಕೋಣೆ ಸೋರುವುದರಿಂದ ಸೈಕಲ್ಲುಗಳನ್ನೆಲ್ಲ ಹಸು ಮಾರಿದ ಮೇಲೆ ಖಾಲಿ ಬಿದ್ದಿದ್ದ ನಮ್ಮ ಕೊಟ್ಟಿಗೆಯಲ್ಲಿ ನಿಲ್ಲಿಸಿಕೊಂಡಿದ್ದೇನೆ. ಒಂಬತ್ತನೇ ತರಗತಿಯ ರಕ್ಷಾ ಎಂಬ ಹುಡುಗಿ ಏರು ಹತ್ತುವುದನ್ನು ನೀನು ನೋಡಬೇಕು, ಹಲ್ಲು ಕಚ್ಚಿಕೊಂಡು ನಿನ್ನ ಹಾಗೆಯೇ ಹತ್ತುತ್ತಾಳೆ. ಅವಳಿಗೆ ಸ್ವಂತ ಸೈಕಲ್ ಇಲ್ಲ. ನಿನ್ನ ಕೆಂಪು ಸೈಕಲ್ಲನ್ನೇ ಕೊಟ್ಟೆ. ನಿನ್ನನ್ನು ಕೇಳಬೇಕಿತ್ತು, ಕೇಳಿದ್ದರೆ ನೀನು ಫೋನ್ ಇಡುತ್ತಿದ್ದೆ.

ಕಳೆದ ವಾರ ಅಕೇಶಿಯಾ ಪ್ಲಾಂಟೇಶನ್ನಿನ ಇಳಿಜಾರಿನಲ್ಲಿ ರಕ್ಷಾ ಬಿದ್ದಳು. ಪೊದೆ ತಡೆದದ್ದರಿಂದ ಮೊಣಕೈ ತರಚಿದ್ದಷ್ಟೇ. ಎದ್ದು ನಿಂತವಳೇ, "ಎರಡೂ ಬ್ರೇಕ್ ಒತ್ದೆ, ಹಿಡೀಲೇ ಇಲ್ಲ ಮಿಸ್" ಎಂದಳು. ಹತ್ತನೇ ತರಗತಿಯಲ್ಲಿ ಸಾಗರದ ರೇಸಿನಲ್ಲಿ ಬಿದ್ದು ಕಾಲು ಮುರಿದುಕೊಂಡಾಗ ಆಸ್ಪತ್ರೆಯ ಮಂಚದ ಮೇಲೆ ನೀನು ಹೇಳಿದ್ದೂ ಇದನ್ನೇ. ಅದೇ ಸೈಕಲ್ಲು, ಅದೇ ಮಾತು. ಉಳಿದ ಸೈಕಲ್ಲುಗಳಿಗೆ ಏನೂ ಆಗಿಲ್ಲ. ತಾನಾಗಿ ಕೆಟ್ಟದ್ದಕ್ಕೂ ಯಾರೋ ಕೆಡಿಸಿದ್ದಕ್ಕೂ ವ್ಯತ್ಯಾಸ ತಿಳಿಯದಷ್ಟು ಹೊಸ ಪಿ.ಟಿ. ಟೀಚರಲ್ಲ ನಾನು.

ಮೊದಲು ನನ್ನ ಅನುಮಾನ ಹೋದದ್ದು ತೀರ್ಥಹಳ್ಳಿ ತಂಡದ ಧರ್ಮಪ್ಪ ಮಾಸ್ಟರ ಮೇಲೆ. ಹಾಗೇ ನೋಡಿಕೊಂಡು ಹೋಗೋಣ ಅಂತ ಬಂದೆ ಎಂದು ಬಂದು, ಅಜ್ಜಿ ಮಾಡಿದ ಕಡುಬು ತಿಂದು, ಒಂದೊಂದೇ ಟೈರು ಒತ್ತಿ ನೋಡಿ ಹೋಗಿದ್ದರು. ಆಮೇಲೆ ನಮ್ಮ ತಂಡದ ನಿಶಾಂತನ ಮೇಲೆ ಕಣ್ಣಿಟ್ಟೆ. ಹುಡುಗಿ ತನ್ನನ್ನು ಹಿಂದೆ ಹಾಕುತ್ತಾಳೆಂದು ಅವನಿಗೆ ಉರಿ. ನಿಮ್ಮಪ್ಪ ನಗುತ್ತಾರೆ. ನನ್ನನ್ನು ಶಾಲೆಗಲ್ಲ, ಪೊಲೀಸ್ ಠಾಣೆಗೆ ಸೇರಿಸಬೇಕಿತ್ತಂತೆ.

ಈಗ ನಾನು ಹೇಳುವ ಹೆಸರು ನಿನಗೆ ಹಿಡಿಸುವುದಿಲ್ಲ. ಮೇಘನಾ. ನಿನ್ನ ಆ ಕಾಲದ ಜೀವದ ಗೆಳತಿ ಇಲ್ಲೇ ಬಿ.ಕಾಂ. ಓದುತ್ತಿದ್ದಾಳೆ. ಜೂನ್‌ನಲ್ಲಿ ತಾನಾಗಿ ಬಂದು, ಮಕ್ಕಳಿಗೆ ಹೇಳಿಕೊಡುತ್ತೇನೆ ಎಂದಳು. ಹಳೆಯದು ಹಳೆಯದಾಯಿತು ಎಂದು ಒಪ್ಪಿದೆ. ಆದರೆ ಗಮನಿಸುತ್ತಾ ಹೋದಂತೆ ಅವಳ ರೀತಿಯೇ ಸರಿಕಾಣಲಿಲ್ಲ. ಮಕ್ಕಳಿಗಿಂತ ಮುಂಚೆ ಬಂದು ನೇರ ಕೊಟ್ಟಿಗೆಗೆ ಹೋಗುತ್ತಾಳೆ. ಅಜ್ಜಿ ಕಾಫಿಗೆ ಕರೆದರೂ ಮೆಟ್ಟಿಲು ಹತ್ತುವುದಿಲ್ಲ, ಅಂಗಳದಿಂದಲೇ ಬೇಡ ಎನ್ನುತ್ತಾಳೆ. ಮುಂಚೆ ನಮ್ಮ ಅಡುಗೆಮನೆಯಲ್ಲೇ ಬೆಳೆದ ಹುಡುಗಿ! ಸೈಕಲ್ಲುಗಳನ್ನೆಲ್ಲ ಶಾಲೆಗೇ ಸಾಗಿಸೋಣ, ಟಾರ್ಪಾಲು ಕಟ್ಟಿದರಾಯಿತು ಎಂದು ಮತ್ತೆ ಮತ್ತೆ ಹೇಳಿದಳು. ನನ್ನ ಕಣ್ಣಳತೆಯಿಂದ ಅವು ದೂರ ಹೋಗಲಿ ಎಂದಲ್ಲದೆ ಮತ್ತೇನು?

ಮೊನ್ನೆ ಬೆಳಿಗ್ಗೆ ಅಡುಗೆಮನೆ ಕಿಟಕಿಯಿಂದ ನೋಡುತ್ತೇನೆ, ನಿನ್ನ ಸೈಕಲ್ಲಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಒಂದು ಕೈಯಲ್ಲಿ ಬಟ್ಟೆ, ಇನ್ನೊಂದರಲ್ಲಿ ಸಣ್ಣ ಬಾಟಲಿ. ಚಕ್ರಕ್ಕೆ ಏನನ್ನೋ ಉಜ್ಜುತ್ತಿದ್ದಳು. ನಾನು ಕೆಮ್ಮಿದ್ದೇ ತಡ, ಬಾಟಲಿ ಬ್ಯಾಗಿನೊಳಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಮಕ್ಕಳು ಬಂದು ಸೇರಿದ ಮೇಲೆ ಹೊರಗೆ ಹೋಗಿ ಅವರೆಲ್ಲರ ಎದುರಿಗೇ, "ನಾಳೆಯಿಂದ ನೀನು ಬರೋದು ಬೇಡ" ಎಂದೆ. ಅವಳು ಯಾಕೆ ಎಂದು ಕೇಳಲಿಲ್ಲ. ಜಗಲಿಯಲ್ಲಿ ನಿಂತಿದ್ದ ಅಜ್ಜಿಯನ್ನು ಒಮ್ಮೆ ನೋಡಿ ಹೊರಟುಹೋದಳು. ತಪ್ಪಿಲ್ಲದವರು ಹಾಗೆ ಹೋಗುತ್ತಾರೆಯೇ?

ಅಂದು ಕಾಲು ಮುರಿದಾಗ ನೀನು ಅವಳ ಹೆಸರು ಹೇಳಿದಾಗ, ಕಣ್ಣಾರೆ ಕಾಣದೆ ಯಾರ ಮೇಲೂ ಹೇಳಬೇಡ ಎಂದು ನಿನ್ನ ಬಾಯಿ ಮುಚ್ಚಿಸಿದ್ದೆ. ರೇಸಿನ ಹಿಂದಿನ ಸಂಜೆ ನಿನ್ನ ಸೈಕಲ್ಲನ್ನು ಸಿದ್ಧ ಮಾಡಿದ್ದು ಅವಳು, ನೀನು ಬಿದ್ದ ಮೇಲೆ ಗೆದ್ದದ್ದೂ ಅವಳು. ಅವಳಿಗೆ ಪದಕ, ನನಗೆ ಪ್ಲಾಸ್ಟರು ಎಂದು ಅತ್ತಿದ್ದೆ ನೀನು. ಈಗ ನಾನೇ ಕಣ್ಣಾರೆ ಕಂಡೆ. ಕೊಟ್ಟಿಗೆಗೆ ಬೀಗ ಹಾಕಿದ್ದೇನೆ, ಕೀಲಿ ನನ್ನ ಕರಿಮಣಿ ಸರದಲ್ಲಿದೆ.

ಹೊಟ್ಟೆ ತುಂಬ ಉಣ್ಣು.

ನಿನ್ನ ಅಮ್ಮ,
ಶ್ಯಾಮಲಾ

* * *

ಹೊಸನಗರ
ಸೆಪ್ಟೆಂಬರ್ ೧೪, ೨೦೨೪

ಪ್ರೀತಿಯ ವಿನಯಾ,

ಗೌರಿಹಬ್ಬಕ್ಕೂ ನೀನು ಬರಲಿಲ್ಲ. ನನ್ನ ಕಾಗದ ತಲುಪಿದ ದಿನ "ನಾನು ಆಗಲೇ ಹೇಳಿದ್ದೆ" ಎಂದು ಮೆಸೇಜು ಕಳಿಸಿದ್ದೆಯಲ್ಲ, ಅದನ್ನು ಓದಿ ಸಂತೋಷಪಟ್ಟಿದ್ದೆ. ಆ ಸಂತೋಷ ನೆನೆದರೆ ಈಗ ನಾಚಿಕೆಯಾಗುತ್ತದೆ. ಉತ್ತರ ಬರೆಯಲು ತಡವಾದದ್ದೂ ಅದಕ್ಕೇ.

ಬೀಗ ಹಾಕಿದ ಮೇಲೂ ರಕ್ಷಾಳ ಬ್ರೇಕು ಜಾರಿತು. ನಂಬದೆ ನಾನೇ ಹತ್ತಿ ಶಾಲೆಯ ಇಳಿಜಾರಿನಲ್ಲಿ ಬಿಟ್ಟೆ, ನೇರ ಹೋಗಿ ವಾಲಿಬಾಲ್ ನೆಟ್ಟಿಗೆ ಸಿಕ್ಕಿಕೊಂಡೆ. ನಿಶಾಂತ ಬಾಯಿ ಮುಚ್ಚಿಕೊಂಡು ನಗುತ್ತಿದ್ದ, ಬಿಡು. ನನ್ನ ತಲೆಗೆ ಹೊಕ್ಕದ್ದು ಬೇರೆ. ಮೇಘನಾ ಬರುತ್ತಿಲ್ಲ, ಧರ್ಮಪ್ಪ ಮಾಸ್ಟರು ಇತ್ತ ಸುಳಿದಿಲ್ಲ, ಕೀಲಿ ನನ್ನ ಕೊರಳಲ್ಲಿದೆ. ಹಾಗಾದರೆ ಇನ್ನು ಯಾರು?

ಅಂದು ಸಂಜೆ ಶಾಲೆಯಿಂದ ಬೇಗ ಬಂದೆ. ಬೀಗ ಹಾಕಿದ ಹಾಗೇ ಇದೆ, ಒಳಗೆ ದೀಪ ಉರಿಯುತ್ತಿದೆ. ಬಚ್ಚಲ ಕಡೆಯಿಂದ ಕೊಟ್ಟಿಗೆಗೆ ಒಂದು ಸಣ್ಣ ಬಾಗಿಲಿದೆಯಲ್ಲ, ಹಾಲು ಕರೆಯಲು ಅಜ್ಜಿ ಓಡಾಡುತ್ತಿದ್ದದ್ದು, ಅದು ನನಗೆ ಮರೆತೇಹೋಗಿತ್ತು. ಅದರಿಂದ ಇಣುಕಿದೆ. ನಿನ್ನ ಸೈಕಲ್ಲಿನ ಪಕ್ಕ ಮಣೆ ಹಾಕಿಕೊಂಡು ನಿಮ್ಮಜ್ಜಿ ಕೂತಿದ್ದಾರೆ. ಮುಂದೆ ಕೊಬ್ಬರಿ ಎಣ್ಣೆ ಬಟ್ಟಲು.

ಮಳೆಗಾಲ ಬಂತೆಂದರೆ ಈ ಮನೆಯ ಯಾವ ಕಬ್ಬಿಣವನ್ನೂ ಅವರು ಒಣಗಲು ಬಿಡುವುದಿಲ್ಲವೆಂದು ನಿನಗೆ ಗೊತ್ತು. ಕತ್ತಿ, ಹಾರೆ, ಚಿಲಕ, ನನ್ನ ಛತ್ರಿಯ ಕಡ್ಡಿ, ಎಲ್ಲಕ್ಕೂ ಎಣ್ಣೆಯೇ. ಈಗ ಚಕ್ರದ ನಡುವಿನ ಬ್ರೇಕಿನ ಬಿಲ್ಲೆಗೆ ಹಚ್ಚುತ್ತಿದ್ದರು. ಆ ಬಿಲ್ಲೆಯನ್ನು ಎರಡೂ ಕಡೆಯಿಂದ ಪ್ಯಾಡುಗಳು ಒತ್ತಿ ಹಿಡಿದರೇ ಸೈಕಲ್ಲು ನಿಲ್ಲುವುದು, ಒಂದು ತೊಟ್ಟು ಎಣ್ಣೆ ಬಿದ್ದರೂ ಹಿಡಿತ ಹೋಯಿತು. ಇದು ನಮ್ಮ ತಂಡದ ಮಕ್ಕಳಿಗೆಲ್ಲ ಗೊತ್ತು. ಅಜ್ಜಿಗೆ ಯಾರು ಹೇಳಿದ್ದೆವು?

ಏನು ಮಾಡುತ್ತಿದ್ದೀರಿ ಅತ್ತೆ ಎಂದೆ. "ಉಳಿದದ್ದಕ್ಕೆಲ್ಲ ಬಣ್ಣ ಐತೆ, ಈ ಬಿಲ್ಲೆಗೆ ಒಂದು ಬಣ್ಣ ಇಲ್ಲ ನೋಡು. ಬೆಳಗಾಗೋದ್ರೊಳಗೆ ತುಕ್ಕು ಹಿಡಿತದೆ. ನಮ್ ವಿನಯಾನ ಸೈಕಲ್ಲು, ನಾನ್ ನೋಡ್ದೆ ಇನ್ಯಾರು ನೋಡ್ತಾರೆ?" ಎಂದರು. ಬೇರೆ ಸೈಕಲ್ಲುಗಳಿಗೆ ಯಾಕಿಲ್ಲ ಎಂದರೆ, ಅವನ್ನು ಅವರವರ ಮನೆಯವರು ನೋಡಿಕೊಳ್ಳಲಿ ಎಂದುಬಿಟ್ಟರು. ನಗಬೇಕೋ ಅಳಬೇಕೋ ತಿಳಿಯದೆ ಬಟ್ಟಲು ಇಸಿದುಕೊಂಡೆ.

ಮರುದಿನ ಮೇಘನಾಳ ಮನೆಗೆ ಹೋದೆ. ಅವರಮ್ಮ ಕಾಫಿ ತಂದಿಟ್ಟರು. ಅದನ್ನು ಕುಡಿದು ಮುಗಿಸುವುದೇ ಕಷ್ಟವಾಯಿತು. ಬಾಟಲಿ ತೋರಿಸು ಎಂದೆ. ಮೆಡಿಕಲ್ ಶಾಪಿನ ಸ್ಪಿರಿಟ್ಟು. ಬಿಲ್ಲೆಯಲ್ಲಿ ಎಣ್ಣೆ ವಾಸನೆ ಬಂದಾಗಿನಿಂದ ದಿನಾ ಬೆಳಿಗ್ಗೆ ಮಕ್ಕಳು ಬರುವ ಮೊದಲೇ ಒರೆಸಿಡುತ್ತಿದ್ದಳಂತೆ. ರಕ್ಷಾ ಬಿದ್ದ ದಿನ ಕಾಲೇಜಿನಲ್ಲಿ ಪರೀಕ್ಷೆಯಿದ್ದು ಅವಳು ಬಂದಿರಲಿಲ್ಲ. ನಾನು ಕಣ್ಣಾರೆ ಕಂಡದ್ದು ಇದನ್ನೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಿಮ್ಮಪ್ಪ ಒಂದೇ ಮಾತು ಹೇಳಿದರು, ಈ ಸಲ ನಗಲಿಲ್ಲ.

ಮಕ್ಕಳೆದುರು ಬೈದದ್ದಕ್ಕೆ ಮಕ್ಕಳೆದುರೇ ಅವಳ ಕ್ಷಮೆ ಕೇಳಿದೆ. ಅವಳು ಮತ್ತೆ ಬರುತ್ತಿದ್ದಾಳೆ. ಎಣ್ಣೆ ಕುಡಿದ ಪ್ಯಾಡು ಬದಲಾಯಿಸಿದ್ದಾಯಿತು, ಅವಳು ಹೇಳಿದಂತೆ ಸೈಕಲ್ಲುಗಳೆಲ್ಲ ಶಾಲೆಯ ಟಾರ್ಪಾಲಿನಡಿ ಸೇರಿದವು. ಈಗ ರಕ್ಷಾ ಇಳಿಜಾರಿನಲ್ಲಿ ಧೈರ್ಯವಾಗಿ ಇಳಿಯುತ್ತಾಳೆ. ವರದಹಳ್ಳಿಯ ಆಶ್ರಮಕ್ಕೆ ಹೋದಾಗ ನಿನ್ನ ಹೆಸರಿನಲ್ಲಿ ಕೈಮುಗಿದು ಬಂದಿದ್ದೇನೆ. ಸ್ವಾಮಿಗಳು ನಿನ್ನ ಕಾಲಿಗೂ ಮನಸ್ಸಿಗೂ ಬಲ ಕೊಡಲಿ.

ನಿನ್ನ ಅಮ್ಮ,
ಶ್ಯಾಮಲಾ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಬಟ್ಟಲು ಕೊಡುವಾಗ ಅಜ್ಜಿ ಇನ್ನೊಂದು ಮಾತು ಹೇಳಿದರು. "ಸಾಗರದ ರೇಸಿಗೆ ಹೊರಟ ಬೆಳಿಗ್ಗೆನೂ ಹಚ್ಚಿ ಕಳ್ಸಿದ್ದೆ. ಅದ್ಕೇ ಕಾಲಿಗೇ ಮುಗೀತು, ಜೀವ ಉಳೀತು." ತನ್ನ ಎಣ್ಣೆಯೇ ನಿನ್ನನ್ನು ಕಾಯಿತು ಎಂದು ಅವರು ನಂಬಿದ್ದಾರೆ. ನಾನು ಏನೂ ಹೇಳಿಲ್ಲ, ನೀನೂ ಹೇಳಬೇಡ.

ಮೇಘನಾಳಿಗೆ ಇದು ಅಂದೇ ಗೊತ್ತಾಗಿತ್ತು ಮಗಳೇ. ಬಿದ್ದ ನಿನ್ನ ಸೈಕಲ್ಲನ್ನು ಎತ್ತಿದವಳು ಅವಳೇ, ಕೈಗೆಲ್ಲ ಕೊಬ್ಬರಿ ಎಣ್ಣೆಯಾಗಿತ್ತಂತೆ. ಆಸ್ಪತ್ರೆಗೆ ಓಡಿಬಂದರೆ ಅಜ್ಜಿ ನಿನಗೆ ಗಂಜಿ ಕುಡಿಸುತ್ತಿದ್ದರು. "ಅವ್ರ ಎದ್ರಿಗೆ ಹೆಂಗೆ ಹೇಳ್ಲಿ ಮಿಸ್? ಕೇಳಿದ್ರೆ ಅಜ್ಜಿ ಊಟ ಬಿಡ್ತಿದ್ರು" ಎಂದಳು. ಆಮೇಲೆ ನಿನಗೊಬ್ಬಳಿಗೇ ಹೇಳೋಣವೆಂದು ಮನೆಗೆ ಬಂದಿದ್ದಳಂತೆ. ನೀನು, ನಮ್ಮ ಮನೆ ಮೆಟ್ಟಿಲು ಹತ್ತಬೇಡ ಎಂದೆಯಂತೆ.

ನಿನ್ನೆ ಪಂಪು ಒಯ್ಯಲು ಬಂದಿದ್ದಳು. ಅಜ್ಜಿ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. ನಾನು ಕೈಹಿಡಿದು ಒಳಗೆ ಕರೆದೆ. ಅಂಗಳದಲ್ಲೇ ನಿಂತು, "ವಿನಯಾ ಕರೀಲಿ ಮಿಸ್, ಬರ್ತೀನಿ" ಎಂದಳು.