ಸನ್ಯಾಸಿ ಏಡಿಯ ಗೃಹಪ್ರವೇಶ

ತೀರ್ಥಹಳ್ಳಿ
ಭಾನುವಾರ, ಮೇ 18, 2025

ಏಡಿಗಳ ಒಡತಿ ಮೇಧಾ ಕೂಸಿಗೆ ಅಜ್ಜಿಯ ಆಶೀರ್ವಾದ.

ಮೊದಲು ನಿನಗೆ ಬೇಕಾದ ಸುದ್ದಿ ಹೇಳಿಬಿಡುತ್ತೇನೆ. ಸತ್ತ ಶಂಖಗಳ ಚಿಪ್ಪಿನಲ್ಲಿ ಬಿಡಾರ ಹೂಡುವ ನಿನ್ನ ಸನ್ಯಾಸಿ ಏಡಿಗಳು ನಾಲ್ಕಕ್ಕೆ ನಾಲ್ಕೂ ಬದುಕಿವೆ. ನಾಳೆ ನಿನ್ನ ಅಪ್ಪ ಉದಯ್ ಅವನ್ನು ಕಾರಿನಲ್ಲಿ ಕಾರವಾರಕ್ಕೆ ತರುತ್ತಾನೆ. ಈ ಕಾಗದವೂ ಅವನ ಕೈಯಲ್ಲೇ ಬರುತ್ತದೆ. ಲಕೋಟೆಯನ್ನು ಅನ್ನದ ಅಗುಳಿನಿಂದ ಭದ್ರವಾಗಿ ಅಂಟಿಸಿದ್ದೇನೆ. ಫೋನಿನಲ್ಲಿ ಹೇಳಿದರೆ ಮನೆಮಂದಿಗೆಲ್ಲ ಕೇಳಿಸುತ್ತದೆ.

ಹಾಸ್ಟೆಲಿನಲ್ಲಿ ನೋಡಿಕೊಳ್ಳುವವರಿಲ್ಲ ಎಂದು ಮಂಗಳವಾರ ಗಾಜಿನ ತೊಟ್ಟಿಯನ್ನು ನಮ್ಮ ಜಗಲಿಯ ಮೇಲಿಟ್ಟು, ಪಕ್ಕದಲ್ಲಿ ಒಂದು ಕ್ಯಾನ್ ಸಮುದ್ರದ ನೀರಿಟ್ಟು ಹೊರಟೆಯಲ್ಲ. ಸಮುದ್ರಜೀವಿಗಳ ಅಧ್ಯಯನಕ್ಕೆ ಐದು ದಿನ ದೋಣಿಯಲ್ಲಿರುತ್ತೇನೆ, ಫೋನ್ ಸಿಗುವುದಿಲ್ಲ ಎಂದೆ. ದಿನಾ ಸ್ವಲ್ಪ ನೀರು ಬದಲಿಸಿ, ದೊಡ್ಡ ಏಡಿ ಯಾವ ಖಾಲಿ ಚಿಪ್ಪು ಆರಿಸುತ್ತದೆಂದು ಬರೆದಿಡಿ. ಇವು ಸತ್ತರೆ ನನ್ನ ವರ್ಷದ ಕೆಲಸವೆಲ್ಲ ಹೋಯಿತು ಎಂದಿದ್ದೆ. ನಾನು ಹೂಂಗುಟ್ಟಿದ್ದು ಅರ್ಧ ಕಿವಿಯಲ್ಲಿ. ಓದಲಿಕ್ಕೆ ಬೇರೇನೂ ಸಿಗಲಿಲ್ಲವೇ ಈ ಹುಡುಗಿಗೆ ಎಂದು ಒಳಗೊಳಗೇ ಗೊಣಗುತ್ತಿದ್ದೆ.

ಬುಧವಾರ ಜಗಲಿ ತೊಳೆಯುವಾಗ ಕ್ಯಾನಿನ ಮುಚ್ಚಳ ತೆಗೆದು ಮೂಸಿದೆ. ಹಳಸಲು ವಾಸನೆ. ತೆಂಗಿಗೆ ಉಪ್ಪು ಒಳ್ಳೆಯದು ಎನ್ನುವುದು ನನ್ನ ಅತ್ತೆ ಕಲಿಸಿದ ಪಾಠ. ಹಾಳು ಮಾಡುವುದೇಕೆ ಎಂದು ಇಡೀ ಕ್ಯಾನನ್ನು ಹಿತ್ತಲಿನ ತೆಂಗಿನ ಬುಡಕ್ಕೆ ಸುರಿದೆ. ಮಹಾ ಜಾಣತನ ಮಾಡಿದೆನೆಂದು ಬೀಗಿದೆ ಬೇರೆ. ಮಧ್ಯಾಹ್ನ ತೊಟ್ಟಿಗೆ ನೀನು ಅಂಟಿಸಿದ್ದ ಚೀಟಿ ಕಣ್ಣಿಗೆ ಬಿತ್ತು. ಸಮುದ್ರದ ನೀರು ಮಾತ್ರ, ಬಾವಿಯ ನೀರು ಹಾಕಿದರೆ ಸಾಯುತ್ತವೆ ಎಂದು ಬರೆದಿದ್ದೆ. ತೊಟ್ಟಿಯೊಳಗೆ ಬಗ್ಗಿ ನೋಡಿದೆ. ತೊಟ್ಟಿಯ ನೀರು ಆಗಲೇ ಕದಡಿತ್ತು, ನಾಲ್ಕೂ ಚಿಪ್ಪಿನೊಳಗೆ ಮುದುರಿಕೊಂಡಿದ್ದವು. ನಿನ್ನ ಅಮ್ಮ ವಂದನಾಗೆ ಹೇಳಲಿಲ್ಲ. ಅತ್ತೆಯ ಎಡವಟ್ಟು ಎಂದು ಅವಳು ಹತ್ತು ವರ್ಷ ನಗುತ್ತಾಳೆ.

ಆಗ ಕಲ್ಲುಪ್ಪಿನ ಭರಣಿ ನೆನಪಾಯಿತು. ಐವತ್ತು ವರ್ಷ ಅಪ್ಪೆಮಿಡಿಗೆ ಉಪ್ಪು ಹಾಕಿದ ಕೈ ಇದು. ಉಪ್ಪುನೀರು ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ, ಹದ ಮಾಡಿ ಸ್ವಲ್ಪಸ್ವಲ್ಪವೇ ಹೊಯ್ದೆ. ಉದಯ್ ಇಣುಕಿ ನೋಡಿ, "ಅಮ್ಮಾ, ಏಡಿಗೂ ಉಪ್ಪಿನಕಾಯಿ ಹಾಕ್ತಿದೀಯಾ?" ಅಂದ. "ನಿನ್ ಕೆಲ್ಸ ನೋಡ್ಕೋ ಹೋಗು" ಅಂದೆ. ಅಳತೆ ಹೇಗೆ ಗೊತ್ತಾಯಿತು ಎಂದು ನೀನು ಕೇಳಬಹುದು. ಕೈಗೆ ಗೊತ್ತಿರುತ್ತದೆ, ಅಷ್ಟೇ.

ಊಟ ಬಿಟ್ಟು ತೊಟ್ಟಿಯ ಮುಂದೆ ಕೂತೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಕೆಂಪು ಮೀಸೆ ಹೊರಬಂತು. ಆಮೇಲೆ ಎರಡು ಕಣ್ಣು. ಒಬ್ಬಳೇ ನಕ್ಕುಬಿಟ್ಟೆ ನೋಡು.

ದೊಡ್ಡದಕ್ಕೆ ನಾನು ಜೋಯಿಸರು ಎಂದು ಹೆಸರಿಟ್ಟಿದ್ದೇನೆ. ಶನಿವಾರ ಬೆಳಿಗ್ಗೆ ಖಾಲಿ ಚಿಪ್ಪಿನ ಬಾಯನ್ನು ಕಾಲಿನಿಂದ ಅಳೆದದ್ದೇನು, ಉರುಳಿಸಿ ನೋಡಿದ್ದೇನು, ಬಿಟ್ಟುಹೋಗಿ ಮತ್ತೆ ಬಂದದ್ದೇನು! ಕೊನೆಗೆ ಮುಹೂರ್ತ ಕೂಡಿಬಂದದ್ದು ಹತ್ತೂಕಾಲಿಗೆ. ಹಳೆಯ ಚಿಪ್ಪಿನಿಂದ ಸರ್ರನೆ ಈಚೆ ಬಂದು, ಬತ್ತಲೆ ಮೈಯನ್ನು ಕಂದು ಪಟ್ಟೆಯ ಉದ್ದ ಚಿಪ್ಪಿಗೆ ಸೇರಿಸಿಬಿಟ್ಟಿತು. ಅಷ್ಟು ಮೆತ್ತಗಿನ ಜೀವ ಅಷ್ಟು ದೊಡ್ಡ ಸಮುದ್ರದಲ್ಲಿ ಬಾಳುತ್ತದಲ್ಲೇ ಕೂಸೇ! ಸಮಯ ಸಮೇತ ನಿನ್ನ ಪುಸ್ತಕದಲ್ಲಿ ಬರೆದು ಸಹಿ ಹಾಕಿದ್ದೇನೆ. ನಿನ್ನ ಪ್ರೊಫೆಸರಿಗೆ ತೋರಿಸು.

ಪಕ್ಕದ ಮನೆಯ ದುರ್ಗಮ್ಮನನ್ನೂ ಕರೆದು ತೋರಿಸಿದೆ. ಇಷ್ಟು ದಿನ ಯಾರು ಕೇಳಿದರೂ ಮೊಮ್ಮಗಳು ಏನೋ ಸೈನ್ಸ್ ಓದುತ್ತಾಳೆ ಎಂದು ಮಾತು ತೇಲಿಸುತ್ತಿದ್ದೆ. ನಿನ್ನೆ ಮಾತ್ರ, ನನ್ನ ಮೇಧಾ ಓದುವುದು ಇವನ್ನೇ ಎಂದು ಎದೆಯುಬ್ಬಿಸಿ ಹೇಳಿದೆ. ನನಗೆ ನಿನ್ನ ಮೇಲೆ ಬಹಳ ಹೆಮ್ಮೆ. ಒಂದು ಚೂರು ನನ್ನ ಮೇಲೂ.

ಐದು ದಿನ ಏಡಿ ಕಾದ ನಿನ್ನ ಅಜ್ಜಿ,
ಸುಬ್ಬಲಕ್ಷ್ಮಮ್ಮ

ತಾ.ಕ.: ಕೈಗೆ ಗೊತ್ತಿರುತ್ತದೆ ಎಂದದ್ದು ಸುಳ್ಳು. ತೊಟ್ಟಿಯ ನೀರು ಒಂದು ಚಮಚ, ನನ್ನ ಉಪ್ಪುನೀರು ಒಂದು ಚಮಚ, ಎರಡನ್ನೂ ನಾಲಿಗೆಯ ಮೇಲಿಟ್ಟೇ ಹದ ಹಿಡಿದೆ. ಬುಧವಾರ ಒಂದೇ ದಿನ ಏಳು ಸಲ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮೀನು ಮುಟ್ಟಿ ಬಂದವಳೆಂದು ಪ್ರತಿ ರಜೆಯಲ್ಲೂ ನಿನ್ನನ್ನು ಹಿತ್ತಲಿನಿಂದ ಕರೆದು, ತಲೆಗೆ ನೀರು ಹೊಯ್ದ ಮೇಲೆಯೇ ಒಳಗೆ ಬಿಟ್ಟವಳು ನಾನು. ಇನ್ನು ಮುಂಬಾಗಿಲಿನಿಂದಲೇ ಬಾ. ಯಾರಾದರೂ ಸ್ನಾನದ ಮಾತೆತ್ತಿದರೆ, ಮೊದಲು ಅಜ್ಜಿಯದಾಗಲಿ ಅನ್ನು.