ಒಂಬತ್ತನೇ ವಾರ

ಫೆಬ್ರವರಿ 6, ಗುರುವಾರ
ಅರ್ಧ ದಿನ ರಜೆ. ವಿಕ್ರೋಳಿ ಆಫೀಸಿನಿಂದ ನೇರ ಡಾಕ್ಟರ್ ಶೀತಲ್ ಹತ್ತಿರ. ರಿಪೋರ್ಟ್ ಬಂದಿದೆ. ಮೂರು ಸಲ ಗರ್ಭ ಹೋಯಿತು — ಮೂರೂ ಒಂಬತ್ತನೇ ವಾರದಲ್ಲಿ. ಗರ್ಭಕೋಶದ ಒಳಪೊರೆಯಲ್ಲಿ ಸೋಂಕಂತೆ. ಇರಬೇಕಾದ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆ, ಬೇರೆಯವು ಜಾಸ್ತಿ. ಎರಡು ವಾರ ಆ್ಯಂಟಿಬಯಾಟಿಕ್. ಇದೇ ಕಾರಣ ಅಂತ ಗ್ಯಾರಂಟಿ ಇಲ್ಲ ಅಂದರು. "ಪತಿ ಕಾ ಭೀ ಟೆಸ್ಟ್ ಕರಾವೋ, ರಂಜನಾ."
ಊಟಕ್ಕೆ ಕೂತಾಗ, ನೀವೂ ಟೆಸ್ಟ್ ಮಾಡಿಸಬೇಕಂತೆ ಅಂತ ಇವರಿಗೆ ಹೇಳಿದೆ. ತಟ್ಟೆ ಸರಿಸಿ ಎದ್ದರು. "ನಂಗೇನ್ ಆಗ್ಯಾದ? ಹೋಗೋದು ನಿನ್ನ ಹೊಟ್ಟ್ಯಾಗಿಂದ."

ಫೆ. 9, ಭಾನುವಾರ
ನನ್ನ ಗುಳಿಗೆ ಬಿಡಿಸಲೆಂದೇ ಅತ್ತೆ ಕಾಂದಿವಲಿಗೆ ಕರೆದೊಯ್ದರು. ಆಯುರ್ವೇದದ ಬಸವಂತರಾಯರು, ಕಲಬುರಗಿ ಕಡೆಯವರು. ನಾಡಿ ನೋಡಿದರು. ಫೈಲ್ ಪೂರ್ತಿ ಓದಿದರು. ಅತ್ತೆಗೆ ತಡೆಯಲಿಲ್ಲ — "ಈಕಿ ಹೊಟ್ಟ್ಯಾಗ ಏನರ ದೋಷ ಅದ ಏನ್ರೀ?"
"ಹೊಲ ಒಂದೇ ನೋಡಿದ್ರ ಆಗಂಗಿಲ್ಲ, ಇಂದ್ರಾಬಾಯಿ. ಬೀಜಾನೂ ನೋಡ್ಬೇಕು. ನಮ್ಮ ಶಾಸ್ತ್ರದಾಗೂ ಹಂಗೇ ಅದ. ಮಗನ್ನ ಟೆಸ್ಟಿಗಿ ಕಳಸ್ರಿ." ಆಮೇಲೆ ನನಗೆ, "ಡಾಕ್ಟರ್ ಗುಳಿಗಿ ಪೂರ್ತಿ ಮುಗಸು ತಂಗಿ. ನನ್ನ ಔಷಧ ಆಮ್ಯಾಲ. ಅದೂ ಅವ್ರಿಗಿ ಹೇಳೇ ತಗೋ."
ಲೋಕಲ್ ರೈಲಿನಲ್ಲಿ ವಾಪಸ್ ಬಂದೆವು. ದಾದರ್‌ನಲ್ಲಿ ಗಾಡಿ ಬದಲಿಸುವಾಗ ಅತ್ತೆ ನನ್ನ ಕೈ ಹಿಡಿದುಕೊಂಡರು.

ಫೆ. 10
ಅತ್ತೆ ಮಗನ ಊಟದ ಡಬ್ಬಿ ಕೊಡದೆ ಬಾಗಿಲಲ್ಲೇ ನಿಂತರು. "ಶ್ರೀಮಂತಾ, ಮೂರ್ ಸಲ ಈಕಿನೇ ಅತ್ತಾಳ. ಈಗ ನೀ ಟೆಸ್ಟಿಗಿ ಹೋಗಿ ಬಾ."
ಇವರು ಚಪ್ಪಲಿ ಮೆಟ್ಟಿದರು. ಡಬ್ಬಿ ಬಿಟ್ಟೇ ಹೋದರು.

ಫೆ. 19
ಇವರು ಟೆಸ್ಟಿಗೆ ಹೋಗಿ ಬಂದಿದ್ದಾರೆ. ಇವರಿಗೂ ಸೋಂಕು. ಇವರಿಗೂ ಗುಳಿಗೆ. ಗೋಡೆ ಕಡೆ ತಿರುಗಿ ನುಂಗುತ್ತಾರೆ. ಅಂದು ಆಡಿದ ಮಾತನ್ನು ತಿರುಗಿಸಿ ಆಡಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ನೀರು ಕೊಟ್ಟೆ.
"ರಂಜು, ಅವತ್ತ್ ನಾ ಅಂದಿದ್ದು…"
ಮುಗಿಸಲಿಲ್ಲ. ಲೋಟ ತೆಗೆದುಕೊಂಡು ಒಳಗೆ ಹೋದೆ.

ಜೂನ್ 3
ಟೆಸ್ಟ್ ಪಟ್ಟಿಯಲ್ಲಿ ಎರಡು ಗೆರೆ.
ಸಂತೋಷ ಅಲ್ಲ. ಭಯ. ವಾರಗಳ ಎಣಿಕೆ ಮತ್ತೆ ಶುರು.

ಜುಲೈ 4, ಬೆಳಗ್ಗೆ 6.10
ಒಂಬತ್ತನೇ ವಾರ. ಬಾತ್‌ರೂಮಿನಲ್ಲಿ ರಕ್ತ. ಸ್ವಲ್ಪವೇ. ಹಿಂದೆಯೂ ಸ್ವಲ್ಪವೇ ಇತ್ತು. ಕೂಗಲಿಲ್ಲ, ಬಾಗಿಲಿಗೆ ತಲೆ ಆನಿಸಿ ನಿಂತೆ, ಆಮೇಲೆ ಇವರನ್ನು ಎಬ್ಬಿಸಿದೆ. ಇವರು ರಿಕ್ಷಾ ತರಲು ಬರಿಗಾಲಲ್ಲೇ ಓಡಿದ್ದಾರೆ. ರಿಕ್ಷಾ ಬರುವ ತನಕ ಬರೆಯುತ್ತಿದ್ದೇನೆ.

ಅದೇ ದಿನ, ಮಧ್ಯಾಹ್ನ
ಸ್ಕ್ಯಾನ್ ಪರದೆ ನೋಡುವ ಧೈರ್ಯ ಆಗಲಿಲ್ಲ. ಇವರ ಮುಖವನ್ನೇ ನೋಡುತ್ತಿದ್ದೆ. ಡಾಕ್ಟರ್ ಸ್ಕ್ಯಾನ್ ಯಂತ್ರವನ್ನು ಹೊಟ್ಟೆಯ ಮೇಲೆ ಆಚೀಚೆ ಸರಿಸಿದರು. ಆಮೇಲೆ — "ಧಡಕನ್ ಹೈ. ಸುನೋ."
ಮಗುವಿನ ಎದೆಬಡಿತ. ಟಕ ಟಕ ಟಕ, ಅಷ್ಟು ವೇಗ! ಇವರು ಮಂಚದ ಸರಳು ಹಿಡಿದು ನಿಂತಲ್ಲೇ ಅತ್ತುಬಿಟ್ಟರು. "ನಾ ಹಂಗ ಅನಬಾರದಿತ್ತು, ರಂಜು."
"ಹೌದು, ಅನಬಾರದಿತ್ತು," ಅಂದೆ.

ಜುಲೈ 16
ರಕ್ತ ನಿಂತಿದೆ. ಹತ್ತನೇ ವಾರ ದಾಟಿತು. ಇಲ್ಲಿಯವರೆಗೆ ನಾನು ಯಾವತ್ತೂ ಬಂದಿರಲಿಲ್ಲ. ಇವತ್ತು ಇವರು ಹೆಸರಿನ ಮಾತು ತೆಗೆದರು. ಬ್ಯಾಡ, ಇನ್ನೂ ಬ್ಯಾಡ ಅಂದೆ.
ಆದರೂ ಬೆಳಗ್ಗಿನಿಂದ ಒಂದು ಹೆಸರು ಮನಸ್ಸಿನಲ್ಲಿ —