ಆಟದ ಕೆಳಗೆ ಓಡಿದ ಸಾಲು

ತಂಗಿ ಹೈದಾ,

ಗಂಜಿ ಒಲೆಯ ಮೇಲಿದೆ, ಒಣಮೀನು ಹುರಿದಿಟ್ಟಿದ್ದೇನೆ. ಅಪ್ಪನಿಗೆ ನೀನೇ ಕೂತು ಉಣ್ಣಿಸು. ಟಿವಿ ಆರಿಸಬೇಡ. ಯಾವ ಚಾನೆಲ್ ಹಾಕಿದರೂ ಫುಟ್‌ಬಾಲ್ ವಿಶ್ವಕಪ್ಪೇ ಬರುತ್ತಿದೆ, ಆದರೂ ನಡುವೆ ತಮ್ಮ ಜುಲ್ಹಾದಿಯ ದೋಣಿ ಸಿಕ್ಕ ಸುದ್ದಿ ಬಂದೀತೆಂದು ಅಪ್ಪ ಅಲ್ಲಿಂದ ಏಳುವುದಿಲ್ಲ.

ನಿನ್ನೆ ಸಂಜೆ ನೀನು ಕೆಲಸದಲ್ಲಿದ್ದಾಗ ಸುದ್ದಿ ಬಂತು. ಆಟ ನಡೆಯುತ್ತಿದ್ದಂತೆಯೇ ಪರದೆಯ ಕೆಳಗೆ ಒಂದು ಸಾಲು ಓಡಿತು: ಬೆಸುತ್ ಬಂದರಿನಿಂದ ಮೀನು ಹಿಡಿಯಲು ಹೋಗಿ ಕಾಣೆಯಾದ ದೋಣಿಯ ಹುಡುಕಾಟ ನಿಲ್ಲಿಸಲಾಗಿದೆ, ಯಾರೂ ಸಿಕ್ಕಿಲ್ಲ. ಅಪ್ಪನಿಗೆ ಓದು ಬಾರದಲ್ಲ. "ಏನಂತಮ್ಮಾ ಅದು?" ಅಂದರು. "ಗೋಲಿನ ಲೆಕ್ಕ ಅಪ್ಪಾ" ಅಂದುಬಿಟ್ಟೆ. ನಮ್ಮ ತಮ್ಮ ಇನ್ನು ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ಇವತ್ತು ಬೆಳಿಗ್ಗೆ ಅಪ್ಪ ಮೆಲ್ಲಗೆ ಕೇಳಿದರು: "ನಿನ್ನೆ ಒಂದೂ ಗೋಲು ಬೀಳ್ಲಿಲ್ವಲ್ಲೇ. ಮತ್ತೆ ಅಷ್ಟುದ್ದ ಏನು ಬರ್ದಿದ್ರು?" ನಾನು ಎದ್ದು ಒಳಗೆ ಹೋದೆ.

ಈಗ ಜುಲ್ಹಾದಿಯ ಹೆಂಡತಿಗೆ ತಿಳಿಸಲು ಹೊರಟಿದ್ದೇನೆ. ಅಪ್ಪ ಇನ್ನು ನನ್ನನ್ನು ಕೇಳುವುದಿಲ್ಲ, ನಿನ್ನನ್ನು ಕೇಳುತ್ತಾರೆ. ನಿನಗೂ ಅಳು ಬರುತ್ತದೆ, ಗೊತ್ತು. ಮೊದಲು ಅವರ ಊಟ ಮುಗಿಯಲಿ. ಆಮೇಲೆ ಕೈ ಹಿಡಿದುಕೊಂಡು ನಿಜ ಹೇಳು. ನನ್ನಿಂದ ಆಗಲಿಲ್ಲ.

ರುಕಯ್ಯ ಅಕ್ಕ